ಒಂದೂಮುಕ್ಕಾಲು ಮೊಳದ ಲೆಕ್ಕ

ಹೈದರಾಬಾದಿನ ಕೋಠಿಯಲ್ಲಿ ಮಣ್ಣನ್ನು ಕಣ್ಣಾರೆ ನೋಡಬೇಕೆಂದರೆ ಮಹಿಳಾ ವಿಶ್ವವಿದ್ಯಾಲಯದ ಆವರಣದೊಳಗೇ ಹೋಗಬೇಕು. ಹೊರಗೆಲ್ಲ ಡಾಂಬರು, ಸುಲ್ತಾನ್ ಬಜಾರಿನ ಸೀರೆ ಅಂಗಡಿಗಳು, ಫುಟ್‌ಪಾತಿನಲ್ಲಿ ಪೇರಿಸಿಟ್ಟ ಹಳೆಯ ಪಠ್ಯಪುಸ್ತಕಗಳು. ಆವರಣದ ನಡುವೆ ಇರುವ ದೊಡ್ಡ ಕಂಬಗಳ ಬಂಗಲೆಯನ್ನು 19ನೇ ಶತಮಾನದ ಮೊದಲ ವರ್ಷಗಳಲ್ಲಿ ಕಟ್ಟಿಸಿದವನು ಜೇಮ್ಸ್ ಅಕಿಲಿಸ್ ಕರ್ಕ್‌ಪ್ಯಾಟ್ರಿಕ್, ನಿಜಾಮರ ದರ್ಬಾರಿನಲ್ಲಿದ್ದ ಈಸ್ಟ್ ಇಂಡಿಯಾ ಕಂಪನಿಯ ರೆಸಿಡೆಂಟ್. ಖೈರುನ್ನೀಸಾ ಬೇಗಂ ಜತೆಗಿನ ಅವನ ಪ್ರೇಮದ ಕತೆ ದೇಶವೆಲ್ಲ ಸುತ್ತಿದೆ. ಅದೇ ರೆಸಿಡೆನ್ಸಿಗೆ ಸುಮಾರು ನಾಲ್ಕು ದಶಕಗಳ ಮೇಲೆ ಸಹಾಯಕನಾಗಿ ಬಂದ ಥಾಮಸ್ ಜಾನ್ ನ್ಯೂಬೋಲ್ಡನನ್ನು ಮಾತ್ರ ಯಾರೂ ನೆನೆಯುವುದಿಲ್ಲ. ಅವನ ಒಲವು ಇದ್ದದ್ದು ಎರೆ ಮಣ್ಣಿನ ಮೇಲೆ.

ನ್ಯೂಬೋಲ್ಡ್ ಮದ್ರಾಸ್ ಸೇನೆಯ ಅಧಿಕಾರಿ. ಹೈದರಾಬಾದಿಗೆ ಬರುವ ಮುಂಚೆ ಕರ್ನೂಲಿನಲ್ಲಿದ್ದ. ದಕ್ಷಿಣದ ಬಂಡೆ, ಬೆಟ್ಟ, ಹೊಲಗಳನ್ನು ಕುದುರೆಯ ಮೇಲೆ ಅಲೆದು ನೋಡಿ ಉದ್ದುದ್ದ ಲೇಖನಗಳನ್ನು ಬರೆದಿದ್ದ. ಆ ಕಾಲದ ಪಂಡಿತರನ್ನು ಕಾಡುತ್ತಿದ್ದ ಪ್ರಶ್ನೆ, ಈ ಕಪ್ಪು ಮಣ್ಣು ಬಂದದ್ದೆಲ್ಲಿಂದ ಎಂಬುದು. ಅವನಿಗಿಂತ ಮುಂಚೆ ಹೈದರಾಬಾದ್ ಸೀಮೆಯಲ್ಲಿ ಓಡಾಡಿದ್ದ ಹೆನ್ರಿ ವೆಸ್ಲಿ ವಾಯ್ಸಿ ಇದಕ್ಕೊಂದು ಉತ್ತರ ಕೊಟ್ಟಿದ್ದ. ವಾಯ್ಸಿ 1818ರಲ್ಲಿ ಲ್ಯಾಂಬ್ಟನ್ನನ ಮಹಾ ತ್ರಿಕೋನಮಿತಿ ಸರ್ವೆಗೆ ವೈದ್ಯನಾಗಿ, ಜತೆಗೆ ಭೂವಿಜ್ಞಾನಿಯಾಗಿ ನೇಮಕಗೊಂಡವನು. ದಖ್ಖನ್ನಿನ ಕರಿಗಲ್ಲು ಶಿಥಿಲವಾಗಿ ಎರೆಯಾಯಿತು ಎಂಬುದು ಅವನ ಮಾತು. ನ್ಯೂಬೋಲ್ಡ್ ಒಪ್ಪಲಿಲ್ಲ. ಕರಿಗಲ್ಲೇ ಇಲ್ಲದ ಕಡೆ, ಗ್ರಾನೈಟಿನ ಮೇಲೂ ಸುಣ್ಣಕಲ್ಲಿನ ಮೇಲೂ ಎರೆ ಹಾಸಿಕೊಂಡಿದೆಯಲ್ಲ, ಹಾಗಾಗಿ ಇದು ಯಾವುದೋ ಕಾಲದಲ್ಲಿ ನೀರಿನಡಿ ತಂಗಿದ ಮಡ್ಡಿ ಎಂದು ವಾದಿಸಿದ. ಮಣ್ಣನ್ನು ಒಣಗಿಸಿ ತೂಗಿ, ತೇವದ ಗಾಳಿಯಲ್ಲಿಟ್ಟು ಮತ್ತೆ ತೂಗಿ, ಗಾಳಿಯಿಂದಲೇ ಅದು ಎಷ್ಟು ನೀರು ಹೀರುತ್ತದೆಂದೂ ನೋಡಿದ. 1850ರಲ್ಲಿ ಮಹಾಬಳೇಶ್ವರದಲ್ಲಿ ತೀರಿಕೊಂಡಾಗ ಅವನಿಗೆ ಇನ್ನೂ 43 ವರ್ಷ.

ಈಗ ಕೂತು ತೀರ್ಪು ಹೇಳುವುದು ಸುಲಭ. ವಾಯ್ಸಿಯ ಮಾತು ಬಹುಪಾಲು ನಿಂತಿತು, ನ್ಯೂಬೋಲ್ಡನ ತಕರಾರೂ ಸುಳ್ಳಾಗಲಿಲ್ಲ. ಬೀದರ್, ಕಲಬುರಗಿ, ವಿಜಯಪುರದ ಎರೆ ಹೆಚ್ಚಾಗಿ ಕರಿಗಲ್ಲಿನದೇ ಕೂಸು. ಆದರೆ ರಾಯಚೂರು ಸೀಮೆಯಲ್ಲಿ ಹಳೆಯ ನೈಸ್ ಬಂಡೆಯ ಮೇಲೂ ಎರೆ ಇದೆ. ದಿನ್ನೆಯಿಂದ ತೊಳೆದುಬಂದ ಸುಣ್ಣ, ಮೆಗ್ನೀಸಿಯಂ ತಗ್ಗಿನಲ್ಲಿ ನಿಂತು, ನೀರು ಬೇಗ ಬಸಿಯದೆ, ಅಲ್ಲಿಯೇ ಉಬ್ಬುವ ಜಿಗುಟು ಮಣ್ಣು ಹುಟ್ಟುತ್ತದೆ. ಅದಕ್ಕೇ ಒಂದೇ ಬಂಡೆಯ ಮೇಲೆ, ಒಂದೇ ಊರಿನಲ್ಲಿ, ಮೇಲೆ ಕೆಂಪು ಕೆಳಗೆ ಕಪ್ಪು.

ಇದನ್ನು ರೈತನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಎರೆ, ಮಸಾರಿ, ಮರಡಿ, ಗರಸು, ಸವಳು ಎಂದು ನಮ್ಮ ಕಡೆ. ರೇಗಡಿ, ಚಲ್ಕ, ದುಬ್ಬ ಎಂದು ತೆಲಂಗಾಣದ ಕಡೆ. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಶ್ರೀರಂಗಪಟ್ಟಣದ ಆಸುಪಾಸಿನ ಒಕ್ಕಲಿಗರಿಂದ ಎರೆ, ಕೆಬ್ಬೆ ಮೊದಲಾದ ಹೆಸರುಗಳನ್ನೇ ಕೇಳಿ ಬರೆದುಕೊಂಡ. ಮಸಾರಿ ಎಂದಾಗ ಕೆಂಪು ಬಣ್ಣದ ಜತೆ ಇನ್ನಷ್ಟು ಸಂಗತಿ ಬಂದುಬಿಡುತ್ತದೆ: ಮಳೆ ಬಿದ್ದ ಮರುದಿನವೇ ಕುಂಟೆ ಹೊಡೆಯಬಹುದು, ಮುಂಗಾರಿ ಬೆಳೆ ನಡೆಯುತ್ತದೆ, ಹದಿನೈದು ದಿನ ಮಳೆ ತಪ್ಪಿದರೆ ಬಾಡುತ್ತದೆ. ಎರೆ ಎಂದರೆ ಮಳೆಗಾಲದಲ್ಲಿ ಕಾಲಿಡಲಾಗದು, ಹಿಂಗಾರಿ ಜೋಳ, ಕಡಲೆಗೆ ಮಾತ್ರ ಸಾಟಿಯಿಲ್ಲ. ಆದರೆ ಈ ಹೆಸರುಗಳು ಊರಿನ ಗಡಿ ದಾಟಿದರೆ ಸಡಿಲಾಗುತ್ತವೆ. ಒಂದೂರಿನವರು ಒಳ್ಳೆಯ ಮಸಾರಿ ಎನ್ನುವುದು ಪಕ್ಕದೂರಿನಲ್ಲಿ ಗರಸು ಎನಿಸಿಕೊಳ್ಳಬಹುದು. ಜಿಲ್ಲೆ ಜಿಲ್ಲೆಗಳನ್ನು ಒಂದೇ ಅಳತೆಗೆ ತರಬೇಕೆಂದು ಹೊರಟವರಿಗೆ ಇದು ಸಾಲಲಿಲ್ಲ. ಹೊರಟವರು ಯಾರೆಂದರೆ, ಕಂದಾಯದವರು.

1820ರ ದಶಕದ ಕೊನೆಯಲ್ಲಿ ಪುಣೆ ಸೀಮೆಯಲ್ಲಿ ಪ್ರಿಂಗಲ್ ಎಂಬ ಅಧಿಕಾರಿ ಇಂಗ್ಲೆಂಡಿನ ಅರ್ಥಶಾಸ್ತ್ರ ಓದಿಕೊಂಡು ಬಂದು, ಪ್ರತಿ ಹೊಲದ ಉತ್ಪನ್ನದಲ್ಲಿ ಖರ್ಚು ಕಳೆದು ಉಳಿದದ್ದರ ಮೇಲೆ ತೆರಿಗೆ ಕಟ್ಟಲು ನೋಡಿದ. ಲೆಕ್ಕ ಬಹಳ ನುಣುಪಾಗಿತ್ತು, ಅಂಕಿಗಳು ಕೊಳೆತಿದ್ದವು; ರೈತರು ಊರು ಬಿಟ್ಟರು. ಅದನ್ನು ತಿದ್ದಲು 1835ರ ಹೊತ್ತಿಗೆ ಇಂದಾಪುರ ತಾಲ್ಲೂಕಿಗೆ ಬಂದವರು ಗೋಲ್ಡ್‌ಸ್ಮಿಡ್ ಮತ್ತು ಲೆಫ್ಟಿನೆಂಟ್ ವಿಂಗೇಟ್. ಉತ್ಪನ್ನದ ಗೊಡವೆ ಬಿಟ್ಟು ಗುದ್ದಲಿ ಕೈಗೆತ್ತಿಕೊಂಡರು. ಅವರು ಕಟ್ಟಿದ ಪದ್ಧತಿ ಮುಂದೆ ಧಾರವಾಡಕ್ಕೆ ಬಂತು, 1863ರಿಂದ ಮೈಸೂರು ಸಂಸ್ಥಾನಕ್ಕೆ, 1870ರ ದಶಕದಲ್ಲಿ ಸಾಲಾರ್ ಜಂಗರ ಆಡಳಿತದಲ್ಲಿ ನಿಜಾಮರ ರಾಜ್ಯಕ್ಕೂ ಬಂತು. ಈಗಿನ ಕರ್ನಾಟಕದ ಬಹುಭಾಗದ ಸರ್ವೆ ನಂಬರುಗಳ ಬುನಾದಿ ಅದೇ.

ಪದ್ಧತಿ ಹೀಗಿತ್ತು. ಹೊಲದ ನಕ್ಷೆಯನ್ನು ಗೆರೆ ಎಳೆದು ಸಣ್ಣ ಸಣ್ಣ ಕೋಣೆಗಳಾಗಿ ಹಂಚುವುದು. ಪ್ರತಿ ಕೋಣೆಯಲ್ಲೂ ಅಗೆದು ಮಣ್ಣಿನ ಆಳ ಅಳೆಯುವುದು. ಮಣ್ಣಿನ ಜಾತಿ ಮೂರೇ: ನುಣುಪಾದ ಕಪ್ಪು, ಅದಕ್ಕಿಂತ ಒರಟಾದ, ಸಾಮಾನ್ಯವಾಗಿ ಕೆಂಪಗಿನದು, ಮತ್ತು ಗರಸು. ಕಪ್ಪು ಮಣ್ಣು ಒಂದೂಮುಕ್ಕಾಲು ಮೊಳ ಆಳವಿದ್ದರೆ ಮೊದಲ ದರ್ಜೆ, ಹದಿನಾರಾಣೆ. ಆಳ ಕಾಲು ಮೊಳ ಇಳಿದಂತೆ ದರ್ಜೆಯೂ ಒಂದೊಂದು ಇಳಿದು ಹದಿನಾಲ್ಕು, ಹನ್ನೆರಡು, ಹತ್ತು ಆಣೆ. ಕೆಂಪು ಮಣ್ಣು ಎಷ್ಟೇ ಆಳವಿದ್ದರೂ ಹದಿನಾಲ್ಕಾಣೆ ದಾಟುವಂತಿಲ್ಲ. ಕೊನೆಯ ಒಂಬತ್ತನೇ ದರ್ಜೆಗೆ ಎರಡೇ ಆಣೆ. ಅದರ ಮೇಲೆ ದೋಷಗಳ ಪಟ್ಟಿ: ಹರಳು ಬೆರೆತಿದೆ, ಮರಳು ಹೆಚ್ಚು, ಇಳಿಜಾರು, ನೀರು ಇಂಗುವುದಿಲ್ಲ, ಮಳೆನೀರಿಗೆ ಕೊಚ್ಚುತ್ತದೆ, ನೀರು ನಿಲ್ಲುತ್ತದೆ. ಒಂದೊಂದು ದೋಷಕ್ಕೂ ಒಂದು ದರ್ಜೆ ಕಡಿತ. ಪ್ರಯೋಗಾಲಯವಿಲ್ಲ, ರಾಸಾಯನಿಕವಿಲ್ಲ. ಗುದ್ದಲಿ, ಮೊಳ, ಕಣ್ಣು.

ಉದ್ದೇಶ ತೆರಿಗೆ ವಸೂಲಿಯೇ ಆಗಿದ್ದರೂ, ಮಳೆ ನಂಬಿದ ಸೀಮೆಯ ಮಣ್ಣಿಗೆ ಕೇಳಬೇಕಾದ ಮೊದಲ ಪ್ರಶ್ನೆಯನ್ನು ಇವರು ಸರಿಯಾಗಿಯೇ ಕೇಳಿದರು ಎಂಬುದು ನನ್ನ ಅಭಿಪ್ರಾಯ. ಒಣಭೂಮಿಯಲ್ಲಿ ಮಣ್ಣೆಂದರೆ ನೀರಿನ ಉಗ್ರಾಣ, ಉಗ್ರಾಣದ ಅಳತೆ ಅದರ ಆಳ. ಒಂದೂವರೆ ಮೀಟರ್ ಆಳದ ಎರೆ, ಬೆಳೆಗೆ ದಕ್ಕುವಂಥ ನೀರನ್ನು ಸುಮಾರು 200 ಮಿಲಿಮೀಟರ್ ಮಳೆಯಷ್ಟು ಹಿಡಿದಿಡಬಲ್ಲದು. ಅರ್ಧ ಮೀಟರಿನ ಮಸಾರಿಯಲ್ಲಿ ಅದರ ಕಾಲುಭಾಗದ ಆಸುಪಾಸು. ಸೆಪ್ಟೆಂಬರ್ ಕೊನೆಯಲ್ಲಿ ಬಿತ್ತಿದ ಬಿಳಿಜೋಳ ಆಮೇಲೆ ಹನಿ ಮಳೆ ಕಾಣದಿದ್ದರೂ ತೆನೆಗೆ ಬರುವುದು ಈ ಉಗ್ರಾಣದ ಬಲದಿಂದ. ವಿಂಗೇಟ್ ತಪ್ಪಿದ್ದು ಒಂದೂಮುಕ್ಕಾಲು ಮೊಳಕ್ಕೆ, ಅಂದರೆ ಸುಮಾರು 80 ಸೆಂಟಿಮೀಟರಿಗೆ, ನಿಂತದ್ದರಲ್ಲಿ. ಅದಕ್ಕಿಂತ ಕೆಳಗಿನ ಮಣ್ಣಿನಿಂದ ಹೆಚ್ಚಿನ ಫಲವಿಲ್ಲ ಎಂದುಕೊಂಡರು. ಕಲಬುರಗಿಯ ತೊಗರಿ ಬೇರು ಮೀಟರಿಗೂ ಕೆಳಗೆ ಇಳಿದು ನೀರು ಹುಡುಕುತ್ತದೆಂದು ಅವರಿಗೆ ತಿಳಿದಿದ್ದರೆ ತೆರಿಗೆ ಇನ್ನೆರಡಾಣೆ ಏರುತ್ತಿತ್ತೋ ಏನೋ, ತಿಳಿಯದಿದ್ದದ್ದೇ ಒಳ್ಳೆಯದಾಯಿತು.

ಆಣೆ ಹೋಯಿತು, ಲೆಕ್ಕ ಹೋಗಲಿಲ್ಲ. ನಿಜಾಮರ ಕಾಲದ ಸರ್ವೆ ದಾಖಲೆಗಳಾದ ಸೇತ್ವಾರ್‌ಗಳಲ್ಲಿ ಅದು ಉರ್ದುವಿನಲ್ಲಿ ಕೂತಿತು. 1956ರಲ್ಲಿ ರಾಯಚೂರು, ಕಲಬುರಗಿ, ಬೀದರ್ ಮೈಸೂರು ರಾಜ್ಯಕ್ಕೆ ಸೇರಿದಾಗ ಕಡತಗಳೂ ಗಡಿ ದಾಟಿದವು. ಇವತ್ತಿನ ನಮ್ಮ ಪಹಣಿಯಲ್ಲೂ ಖರಾಬು, ಕಂದಾಯದ ಪಕ್ಕ ‘ಮಣ್ಣಿನ ನಮೂನೆ’ ಎಂಬ ಅಂಕಣವೊಂದಿದೆ. ಬ್ಯಾಂಕಿನವರು ಸಾಲದ ಕಾಲಂ ನೋಡುತ್ತಾರೆ, ಕೊಳ್ಳುವವರು ಹಕ್ಕಿನ ಕಾಲಂ ನೋಡುತ್ತಾರೆ. ಇದನ್ನು ನೋಡುವವರು ಕಡಿಮೆ.

ಕೋಠಿಯಿಂದ ವಾಯವ್ಯಕ್ಕೆ ಸುಮಾರು 30 ಕಿಲೋಮೀಟರ್ ಹೋದರೆ ಪಟಾನ್‌ಚೆರು. 1972ರಲ್ಲಿ ಅಂತರರಾಷ್ಟ್ರೀಯ ಅರೆ ಒಣಪ್ರದೇಶ ಬೆಳೆಗಳ ಸಂಶೋಧನಾ ಸಂಸ್ಥೆ, ಎಲ್ಲರ ಬಾಯಲ್ಲಿ ಇಕ್ರಿಸ್ಯಾಟ್, ಇಲ್ಲಿ ನೆಲೆಯೂರಲು ಒಂದು ಅನುಕೂಲವಿತ್ತು: ಒಂದೇ ಆವರಣದಲ್ಲಿ ಕೆಂಪು ಮಣ್ಣೂ ಇದೆ, ಕಪ್ಪು ಮಣ್ಣೂ ಇದೆ. ಕೆಂಪಿಗೆ ಪಟಾನ್‌ಚೆರು ಸರಣಿ ಎಂದೂ ಕಪ್ಪಿಗೆ ಕಾಸಿರೆಡ್ಡಿಪಲ್ಲಿ ಸರಣಿ ಎಂದೂ ಹೆಸರಿಟ್ಟರು. ಮಣ್ಣಿನ ಆಧುನಿಕ ವರ್ಗೀಕರಣದಲ್ಲಿ ಕಟ್ಟಕಡೆಯ ಮೆಟ್ಟಿಲು ಈ ‘ಸರಣಿ’; ಅದನ್ನು ಮೊದಲು ಗುರುತಿಸಿದ ಊರಿನ ಹೆಸರನ್ನೇ ಅದಕ್ಕೆ ಇಡುವುದು ರೂಢಿ.

ಆ ಮೆಟ್ಟಿಲವರೆಗೆ ಇಳಿಯುವ ಕೆಲಸ ಒಂದು ಗುಂಡಿಯಿಂದ ಶುರು. ಆಳು ಮುಳುಗುವಷ್ಟು, ಎರಡು ಮೀಟರ್, ಇಲ್ಲವೇ ಬಂಡೆ ಸಿಗುವವರೆಗೆ ಅಗೆಯುತ್ತಾರೆ. ಬಿಸಿಲು ಬೀಳುವ ಗೋಡೆಯನ್ನು ಚಾಕುವಿನಿಂದ ಕೆರೆದು ಪದರಗಳನ್ನು ಗುರುತಿಸುತ್ತಾರೆ. ಮುಷ್ಟಿ ಮಣ್ಣಿಗೆ ನೀರು ಹಾಕಿ ರೊಟ್ಟಿ ಹಿಟ್ಟಿನಂತೆ ನಾದಿ ಹೆಬ್ಬೆರಳಿನಿಂದ ಪಟ್ಟಿ ಎಳೆಯುತ್ತಾರೆ. ಪಟ್ಟಿ ಉದ್ದ ಬಂದಷ್ಟೂ ಜೇಡಿ ಹೆಚ್ಚು. ಮನ್ಸೆಲ್ ಪುಸ್ತಕದ ಬಣ್ಣದ ಚೂರುಗಳ ಪಕ್ಕ ಹೆಂಟೆ ಹಿಡಿದು ಬಣ್ಣಕ್ಕೊಂದು ಸಂಖ್ಯೆ ಬರೆಯುತ್ತಾರೆ. ಆಮ್ಲದ ಹನಿ ಬಿಟ್ಟು ನೊರೆ ಬಂದರೆ ಸುಣ್ಣವಿದೆ ಎಂದರ್ಥ. ಎರೆಯ ಗುಂಡಿಯಲ್ಲಿ ಇನ್ನೊಂದು ಗುರುತು ಸಿಗುತ್ತದೆ: ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುವಾಗ ಒಂದಕ್ಕೊಂದು ಉಜ್ಜಿ, ಒಳಮೈ ಎಣ್ಣೆ ಸವರಿದ ಹಾಗೆ ಹೊಳೆಯುತ್ತಿರುತ್ತದೆ. ಆ ಹೊಳಪು, ಅಗಲವಾದ ಬಿರುಕುಗಳು, ಶೇ 30ಕ್ಕೆ ಕಡಿಮೆಯಿಲ್ಲದ ಜೇಡಿ, ಇಷ್ಟಿದ್ದರೆ ಅದು ವರ್ಟಿಸಾಲ್. ಮೇಲಿನ ಜೇಡಿ ತೊಳೆದು ಕೆಳಪದರದಲ್ಲಿ ಕೂಡಿಕೊಂಡಿದ್ದು, ಸಾರ ಪೂರ್ತಿ ಬಸಿದುಹೋಗಿರದಿದ್ದರೆ ಆಲ್ಫಿಸಾಲ್. ಅಮೆರಿಕದ ಕೃಷಿ ಇಲಾಖೆ 1975ರಲ್ಲಿ ಪ್ರಕಟಿಸಿದ ಈ ಪದ್ಧತಿಯಲ್ಲಿ ಈಗ ಇಂಥ 12 ಗಣಗಳು, ಅವುಗಳಡಿ ಉಪಗಣ, ಮಹಾಗುಂಪು, ಉಪಗುಂಪು, ಕುಟುಂಬ, ಕೊನೆಗೆ ಸರಣಿ. ನ್ಯೂಬೋಲ್ಡ್ ಕೇಳಿದ್ದ ‘ಎಲ್ಲಿಂದ ಬಂತು’ ಎಂಬ ಪ್ರಶ್ನೆ ಇಲ್ಲಿ ಹಿಂದೆ ಸರಿದಿದೆ. ಗುಂಡಿಯ ಗೋಡೆಯಲ್ಲಿ ಈಗ ಏನು ಕಾಣುತ್ತದೆ, ಎಷ್ಟು ಅಳತೆ, ಅಷ್ಟೇ.

ತೊಂದರೆ ಇರುವುದು ಎರಡು ಗುಂಡಿಗಳ ನಡುವೆ. ಅಗೆದ ಕಡೆ ಮಾಹಿತಿ, ಉಳಿದದ್ದು ಊಹೆ. ರಾಷ್ಟ್ರೀಯ ಮಣ್ಣು ಸಮೀಕ್ಷೆ ಮತ್ತು ಭೂಬಳಕೆ ಯೋಜನಾ ಸಂಸ್ಥೆ ರಾಜ್ಯಗಳ ನಕ್ಷೆ ಮಾಡಿದಾಗ ಹತ್ತು ಕಿಲೋಮೀಟರ್ ಅಂತರದ ಚೌಕಗಳಲ್ಲಿ ಮಣ್ಣು ನೋಡಿತು. ಜತೆಗೆ ಉಪಗ್ರಹ ಚಿತ್ರ, ಬಂಡೆಯ ನಕ್ಷೆ, ಇಳಿಜಾರು ಸೇರಿಸಿ ಗಡಿಗೆರೆ ಎಳೆಯಿತು. 1:2,50,000 ಅಳತೆಯ ಆ ಹಾಳೆಯಲ್ಲಿ ನಾಲ್ಕೆಕರೆ ಹೊಲ ಅರ್ಧ ಮಿಲಿಮೀಟರಿನ ಚುಕ್ಕೆ. ರಾಜ್ಯದ ಯೋಜನೆಗೆ ಅದು ಸಾಕು, ಆ ನಾಲ್ಕೆಕರೆಯ ಯಜಮಾನನಿಗೆ ಏನೂ ಅಲ್ಲ.

ಯಜಮಾನನಿಗೆಂದೇ 2015ರಲ್ಲಿ ಮಣ್ಣು ಆರೋಗ್ಯ ಚೀಟಿ ಬಂತು. ಸಾರಜನಕದಿಂದ ಬೋರಾನ್‌ವರೆಗೆ, ರಸಸಾರ, ಸಾವಯವ ಇಂಗಾಲ ಸೇರಿ 12 ಅಂಶಗಳು. ಇಂಥ ಪರೀಕ್ಷೆಯಿಂದ ಆದ ಉಪಕಾರವನ್ನು ಅಲ್ಲಗಳೆಯಲಾಗದು: ಅದಕ್ಕೂ ಮುಂಚೆ 2009ರಲ್ಲಿ ಇಕ್ರಿಸ್ಯಾಟ್ ಜತೆ ಕರ್ನಾಟಕ ಸರಕಾರ ಶುರುಮಾಡಿದ ಭೂಚೇತನದಲ್ಲಿ, ನಮ್ಮ ಒಣಹೊಲಗಳಿಗೆ ಗಂಧಕ, ಸತು, ಬೋರಾನ್ ಎಷ್ಟು ವ್ಯಾಪಕವಾಗಿ ಕಡಿಮೆ ಎಂದು ತಿಳಿದದ್ದು ಮಣ್ಣಿನ ಮಾದರಿಗಳಿಂದಲೇ. ಆದರೆ ಚೀಟಿಯ ಮಣ್ಣು ತೆಗೆಯುವುದು ಮೇಲಿನ 15–20 ಸೆಂಟಿಮೀಟರಿನಿಂದ. ಖುಷ್ಕಿಯಲ್ಲಿ ಹತ್ತು ಹೆಕ್ಟೇರಿಗೆ, ಅಂದರೆ ಸುಮಾರು 25 ಎಕರೆಗೆ, ಒಂದು ಮಾದರಿ. ಕೆಳಗೆ ಒಂದು ಗೇಣಿಗೆ ಬಂಡೆ ಇದೆಯೋ ಎರಡು ಮೀಟರ್ ಎರೆ ಇದೆಯೋ, ಚೀಟಿಗೆ ಗೊತ್ತಿಲ್ಲ. ಎರಡೂ ಹೊಲಕ್ಕೆ ಒಂದೇ ಗೊಬ್ಬರದ ಸಲಹೆ ಬರಬಹುದು. ತೆರಿಗೆಯವನು ಅಗೆದಷ್ಟನ್ನೂ ಗೊಬ್ಬರ ಹೇಳುವವನು ಅಗೆಯಲಿಲ್ಲ.

ಮೇಲ್ಮೈ ನೋಡಿ ಕೆಳಗನ್ನು ಮರೆತರೆ ಏನಾಗುತ್ತದೆ ಎಂಬುದಕ್ಕೆ ಸಿಂಧನೂರು, ಗಂಗಾವತಿ ಕಡೆ ಹೋಗಬೇಕು. ತುಂಗಭದ್ರೆಗೆ ಅಣೆಕಟ್ಟು ಕಟ್ಟುವ ಎಷ್ಟೋ ಮೊದಲೇ, 1937ರಲ್ಲಿ, ಎರೆಗೆ ನೀರು ಹಾಯಿಸಿದರೆ ಹೇಗೆಂದು ನೋಡಲು ಸಿರುಗುಪ್ಪದಲ್ಲಿ ಸಂಶೋಧನಾ ಕೇಂದ್ರ ತೆರೆದಿದ್ದರು. ಯೋಜನೆಯಲ್ಲಿ ಬಹುಪಾಲು ನೆಲಕ್ಕೆ ಜೋಳ, ಹತ್ತಿಯಂಥ ಕಡಿಮೆ ನೀರಿನ ಬೆಳೆಗಳನ್ನೇ ಬರೆದಿದ್ದರು. 1953ರಲ್ಲಿ ಕಾಲುವೆಗೆ ನೀರು ಬಿಟ್ಟ ಮೇಲೆ ಗೆದ್ದದ್ದು ಭತ್ತ. ಬಸಿಯದ ಜೇಡಿಯಲ್ಲಿ ನೀರು ನಿಂತು, ಕೆಳಗಿದ್ದ ಉಪ್ಪು ಮೇಲೇರಿ, ಕಾಲುವೆಯ ಕೊನೆಯ, ತಗ್ಗಿನ ಹೊಲಗಳು ಸವಳು-ಜವಳಾದವು. ಆ ಮಣ್ಣಿನ ಗುಣ ಬಲ್ಲವರ ಮಾತಿಗೆ ಅಕ್ಕಿಯ ಬೆಲೆಯ ಮುಂದೆ ಬೆಲೆ ಬರಲಿಲ್ಲ.

ಆಳದ ಪ್ರಶ್ನೆ ಮತ್ತೆ ಹೊಲಕ್ಕೆ ಬಂದದ್ದು ಸುಜಲಾ-3 ಜಲಾನಯನ ಯೋಜನೆಯಲ್ಲಿ. ವಿಶ್ವಬ್ಯಾಂಕಿನ ನೆರವಿನಿಂದ 2012ರಲ್ಲಿ ಆರಂಭವಾದ ಈ ಯೋಜನೆಯಡಿ ಬೆಂಗಳೂರಿನ ಮಣ್ಣು ವಿಜ್ಞಾನಿಗಳೂ ಕೃಷಿ ವಿಶ್ವವಿದ್ಯಾಲಯಗಳವರೂ ಬೀದರ್, ಕಲಬುರಗಿ, ಕೊಪ್ಪಳ, ರಾಯಚೂರು ಮೊದಲಾದ ಜಿಲ್ಲೆಗಳ ಕಿರುಜಲಾನಯನಗಳಲ್ಲಿ ಗುಂಡಿ ತೋಡಿದರು. ಕೈಯಲ್ಲಿದ್ದ ನಕ್ಷೆ 1:7,920 ಅಳತೆಯ ಹಳೆಯ ಗ್ರಾಮನಕ್ಷೆ. ಮೈಲಿಗೆ ಎಂಟು ಅಂಗುಲ, ಅದೇ ಕಂದಾಯ ಸರ್ವೆಯ ವಂಶದ್ದು. ಇಲ್ಲಿ ನಾಲ್ಕೆಕರೆ ಹೊಲ ಒಂದೂವರೆ ಸೆಂಟಿಮೀಟರ್ ಅಗಲ ಕಾಣುತ್ತದೆ, ಸರ್ವೆ ನಂಬರಿನ ಸಮೇತ. ಆಳಕ್ಕೆ ಆರು ದರ್ಜೆ: 25 ಸೆಂಟಿಮೀಟರಿಗಿಂತ ಕಡಿಮೆಯಿಂದ 150 ದಾಟುವವರೆಗೆ. ಪ್ರತಿ ತುಂಡಿಗೂ ಒಂದು ಸಂಕೇತ. ಮೊದಲ ಮೂರಕ್ಷರ ಸರಣಿಯ ಹೆಸರು, ಅಂದರೆ ಕೆಳಗಿನ ಕತೆ ಪೂರ್ತಿ. ಆಮೇಲೊಂದು ಚಿಕ್ಕ ಅಕ್ಷರ ಮೇಲ್ಮಣ್ಣಿನ ಕಣದ್ದು: ಸಿ ಎಂದರೆ ಮರಳುಗೋಡು, ಎಂ ಎಂದರೆ ಜೇಡಿ. ನಂತರ ಇಳಿಜಾರು, ಸವಕಳಿ, ಹರಳು.

ಮೇಲ್ಮಣ್ಣಿನ ಕಣ ಹೇಳುವ ಈ ಮಧ್ಯದ ಅಕ್ಷರ ಮಾತ್ರ ರೈತನ ಕೈಯಲ್ಲಿದೆ. 2015ರಲ್ಲಿ ತೆಲಂಗಾಣ ಮಿಷನ್ ಕಾಕತೀಯ ಹೆಸರಲ್ಲಿ ಕೆರೆ ಹೂಳೆತ್ತಲು ಹೊರಟಾಗ ಚಲ್ಕ ಹೊಲಗಳಿಗೆ ಟ್ರ್ಯಾಕ್ಟರುಗಟ್ಟಲೆ ಗೋಡು ಹೋಯಿತು. ನಮ್ಮ ಮಸಾರಿ ಸೀಮೆಯಲ್ಲಿ ಬೇಸಿಗೆ ಬಂದರೆ ಮೊದಲಿಂದಲೂ ನಡೆಯುವ ಕೆಲಸವೇ ಅದು. ನಾಲ್ಕು ಬೆರಳು ದಪ್ಪ ಹರಡಿದ ಗೋಡಿನಿಂದ ಸರಣಿ ಬದಲಾಗುವುದಿಲ್ಲ, ಆಳದ ದರ್ಜೆಯೂ ಸಾಮಾನ್ಯವಾಗಿ ಮೇಲೇರುವುದಿಲ್ಲ. ಸಿ ಎಂದಿದ್ದ ಹೊಲ ಇನ್ನೊಂದು ಅಕ್ಷರಕ್ಕೆ ಜರುಗಬಹುದು, ಅಷ್ಟು. ನಕ್ಷೆಯಲ್ಲಿ ಅದನ್ನು ತಿದ್ದಬೇಕಾದರೆ ಯಾರಾದರೂ ಆ ಹೊಲಕ್ಕೆ ಹೋಗಿ, ಮುಷ್ಟಿ ಮಣ್ಣು ನಾದಿ, ಮತ್ತೆ ಪಟ್ಟಿ ಎಳೆದು ನೋಡಬೇಕು.