ಸೌದೆ ಒಲೆ: ಹೊಗೆ ಕಳೆದು ಉರಿ ಉಳಿಸುವ ಬಗೆ

ತುಮಕೂರು ಜಿಲ್ಲೆಯ ಹಾಗಲವಾಡಿ, ಗುಬ್ಬಿ, ಕುಣಿಗಲ್ ಸೀಮೆಯ ಹಳ್ಳಿಮನೆಗಳಲ್ಲಿ ಗ್ಯಾಸ್ ಬಂದ ಮೇಲೂ ಸೌದೆ ಒಲೆ ಆರಿಲ್ಲ. ಕಾಫಿ, ಉಪ್ಪಿಟ್ಟು ಗ್ಯಾಸಿನ ಮೇಲಾದರೂ ಸ್ನಾನದ ಹಂಡೆ ಕಾಯುವುದು, ದನಕ್ಕೆ ಹುರುಳಿ ಬೇಯುವುದು, ಹಬ್ಬದ ದೊಡ್ಡ ಪಾತ್ರೆ ಏರುವುದು ಸೌದೆ ಉರಿಗೇ. ಎಷ್ಟೋ ಮನೆಗಳಲ್ಲಿ ರಾಗಿಮುದ್ದೆಯೂ ಅಲ್ಲೇ ಆಗುತ್ತದೆ. ತೆಂಗಿನ ತೋಟವಿದ್ದವರಿಗೆ ಗರಿ, ಎಡೆಮಟ್ಟೆ, ಚಿಪ್ಪು ಹಿತ್ತಲಲ್ಲೇ ಸಿಗುತ್ತವೆ; ಹೊಲವಿದ್ದವರಿಗೆ ತೊಗರಿ ಕಡ್ಡಿ, ಬೇಲಿಯ ಜಾಲಿ. ಉರುವಲು ಪುಕ್ಕಟೆಯಾದರೂ ಹೊಗೆ ಕುಡಿಯುವುದು ಅಡುಗೆ ಮಾಡುವವರ ಶ್ವಾಸಕೋಶ. ಹೀಗಾಗಿ ಒಲೆ ಎಂಥದ್ದಿರಬೇಕು ಎಂಬುದು ಸಣ್ಣ ಪ್ರಶ್ನೆಯಲ್ಲ.

ಒಣ ಸೌದೆ ಕಾದಾಗ ಅದರ ತೂಕದ ಮುಕ್ಕಾಲು ಪಾಲಿನಷ್ಟು ಅನಿಲವಾಗಿ ಹೊರಬರುತ್ತದೆ. ಕಣ್ಣಿಗೆ ಕಾಣುವ ಜ್ವಾಲೆ ಆ ಅನಿಲ ಉರಿಯುತ್ತಿರುವುದೇ. ಉಳಿದದ್ದು ಕೆಂಡವಾಗಿ ನಿಧಾನಕ್ಕೆ ಉರಿಯುತ್ತದೆ. ಅನಿಲಕ್ಕೆ ಸಾಕಷ್ಟು ಗಾಳಿಯೂ ಬಿಸಿಯೂ ದೊರೆಯದಿದ್ದರೆ ಉರಿಯದೆ ಮೇಲೇಳುತ್ತದೆ. ಅದೇ ಹೊಗೆ. ಮೂರು ಕಲ್ಲಿನ ಒಲೆಯಲ್ಲಿ ಈ ನಷ್ಟದ ಜೊತೆಗೆ ಇನ್ನೊಂದಿದೆ: ನಾಲ್ಕೂ ಕಡೆ ತೆರೆದಿರುವುದರಿಂದ ಶಾಖ ಪಾತ್ರೆಯ ಪಕ್ಕದಿಂದ ಜಾರಿಹೋಗುತ್ತದೆ. ಸೌದೆಯಲ್ಲಿರುವ ನೂರು ಪಾಲು ಶಾಖದಲ್ಲಿ ಪಾತ್ರೆಗೆ ಸೇರುವುದು ಸುಮಾರು ಹತ್ತು ಪಾಲು, ಗಾಳಿ ಬೀಸಿದರೆ ಇನ್ನೂ ಕಡಿಮೆ. ಮಣ್ಣಿನ ಗೋಡೆಯಿರುವ ಕೋಡೊಲೆ ಇದಕ್ಕಿಂತ ಮೇಲು. ಆದರೂ ಹೊಗೆ ಹೋಗಲು ದಾರಿಯಿಲ್ಲದ ಅಡುಗೆಮನೆಯಲ್ಲಿ ಅದು ಸೂರಿಗೆ ಇಲ್ಲಣ ಕಟ್ಟಿಸುತ್ತದೆ.

ಈ ಒಲೆಗಳನ್ನು ವಿಜ್ಞಾನದ ಕಣ್ಣಿನಿಂದ ಮೊದಲು ಗಂಭೀರವಾಗಿ ನೋಡಿದ ಜಾಗಗಳಲ್ಲಿ ಒಂದು ತುಮಕೂರು ಜಿಲ್ಲೆಯಲ್ಲೇ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿದ್ಯುತ್‌ರಸಾಯನ ವಿಜ್ಞಾನಿಯಾಗಿದ್ದ ಅಮೂಲ್ಯ ರೆಡ್ಡಿ ಅವರು 1974ರಲ್ಲಿ ಹಳ್ಳಿಗಳಿಗೆ ತಂತ್ರಜ್ಞಾನ ಒದಗಿಸುವ ‘ಅಸ್ತ್ರ’ ಎಂಬ ಘಟಕ ಕಟ್ಟಿದರು. ಕುಣಿಗಲ್ ತಾಲ್ಲೂಕಿನ ಉಂಗ್ರ ಅದರ ಕ್ಷೇತ್ರಕೇಂದ್ರವಾಯಿತು. ಸುತ್ತಲಿನ ಆರು ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಯಾರು ಏನು ಉರಿಸುತ್ತಾರೆ, ಎಷ್ಟು, ಎಲ್ಲಿಂದ ತರುತ್ತಾರೆ ಎಂದು ಲೆಕ್ಕ ಹಾಕಲಾಯಿತು. ಹಳ್ಳಿಯ ಇಂಧನವೆಂದರೆ ಬಹುಪಾಲು ಸೌದೆ, ಅದೂ ಕೊಂಡದ್ದಕ್ಕಿಂತ ಆಯ್ದು ತಂದ ಕಡ್ಡಿ-ಕೊಂಬೆಗಳೇ ಎಂಬುದು ಆಗ ಅಂಕಿಗಳಲ್ಲಿ ಸಿಕ್ಕಿತು. ಬೆಲೆಯಿಲ್ಲದ ಆ ಸೌದೆಯ ಹಿಂದೆ ಹೆಂಗಸರ, ಮಕ್ಕಳ ದುಡಿಮೆ ಇತ್ತು.

ಆ ತಂಡದಿಂದ 1980ರ ದಶಕದ ಮೊದಲಲ್ಲಿ ಬಂದದ್ದು ಅಸ್ತ್ರ ಒಲೆ. ಅದರಲ್ಲಿ ಮೂರು ಪಾತ್ರೆಗೆ ಮೂರು ಕುಳಿಗಳು ಸಾಲಾಗಿರುತ್ತವೆ. ಸೌದೆ ಉರಿಯುವುದು ಮೊದಲ ಕುಳಿಯ ಕೆಳಗಿನ ಮುಚ್ಚಿದ ಗೂಡಿನಲ್ಲಿ, ಜಾಲರಿಯ ಮೇಲೆ. ಜಾಲರಿಯ ಅಡಿಯಿಂದ ಗಾಳಿ ನುಗ್ಗುತ್ತದೆ, ಬೂದಿ ಕೆಳಗೆ ಉದುರುತ್ತದೆ. ಬಿಸಿ ಅನಿಲ ಎರಡನೆಯ, ಮೂರನೆಯ ಪಾತ್ರೆಯನ್ನು ಸವರಿ ಶಾಖ ಬಿಟ್ಟುಕೊಟ್ಟು ಚಿಮಣಿಯಲ್ಲಿ ಹೊರಬೀಳುತ್ತದೆ. ಪಾತ್ರೆಗಳು ಕುಳಿಯೊಳಗೆ ಇಳಿದು ಕೂರುವುದರಿಂದ ತಳದ ಜೊತೆಗೆ ಪಕ್ಕವೂ ಕಾಯುತ್ತದೆ. ಮೊದಲೆರಡರಲ್ಲಿ ಎಸರು, ಸಾರು, ಮೂರನೆಯದರಲ್ಲಿ ಬಿಸಿನೀರು. ಪ್ರಯೋಗಾಲಯದಲ್ಲಿ ಇದು ಮೂರು ಕಲ್ಲಿನ ಒಲೆಗಿಂತ ಮೂರು-ನಾಲ್ಕು ಪಟ್ಟು ಶಾಖವನ್ನು ಪಾತ್ರೆಗೆ ಮುಟ್ಟಿಸಿತು. ಕರ್ನಾಟಕದಲ್ಲಿ ಇಂಥ ಒಲೆಗಳು ದೊಡ್ಡ ಸಂಖ್ಯೆಯಲ್ಲಿ ಕಟ್ಟಿಸಲ್ಪಟ್ಟವು.

ಆದರೆ ಲಾಭವೆಲ್ಲ ಅಳತೆಯಲ್ಲಿದೆ. ಕುಳಿಗೂ ಪಾತ್ರೆಗೂ ನಡುವೆ ಸಂದು ಬಿಟ್ಟರೆ ಹೊಗೆ ಅಲ್ಲೇ ನುಗ್ಗುತ್ತದೆ, ಎಳೆತ ಕುಂದುತ್ತದೆ. ಅದಕ್ಕೇ ಒಲೆ ಕಟ್ಟಿಸುವ ಮೊದಲು ದಿನನಿತ್ಯದ ಪಾತ್ರೆಗಳನ್ನೇ ತಂದು ಮುಂದಿಟ್ಟು ಅಳೆಸಬೇಕು. ಈ ಸೀಮೆಯಲ್ಲಿ ಇನ್ನೊಂದು ಪರೀಕ್ಷೆಯೂ ಇದೆ: ಮುದ್ದೆ ತಿರುವುವಾಗ ಕೋಲಿನ ರಭಸವೆಲ್ಲ ಒಲೆಯ ಮೇಲೆ ಬೀಳುತ್ತದೆ. ಎತ್ತರ ಹೆಚ್ಚಾದರೆ ತೋಳಿಗೆ ಬಲ ಸಿಗದು, ಗೋಡೆ ತೆಳುವಾದರೆ ಬಿರುಕು ಬಿಡುತ್ತದೆ. ಒಲೆಯ ಎತ್ತರವನ್ನು ಅಡುಗೆ ಮಾಡುವವರೇ ನಿಂತೋ ಕೂತೋ ತೀರ್ಮಾನಿಸಬೇಕು.

ಬಾಡಿಗೆ ಮನೆಯವರಿಗೆ, ಚಿಕ್ಕ ಸಂಸಾರದವರಿಗೆ ಎತ್ತಿಡಬಹುದಾದ ಲೋಹದ ಒಲೆ ಸಾಕು. ಅಂಥವಕ್ಕೆ ಭಾರತೀಯ ಮಾನಕ ಸಂಸ್ಥೆಯ ಐಎಸ್ 13152 ಎಂಬ ಮಾನದಂಡವಿದೆ. ಅದರಂತೆ ತಾನಾಗಿ ಗಾಳಿ ಎಳೆದುಕೊಳ್ಳುವ ಒಲೆಯ ದಕ್ಷತೆ ಕನಿಷ್ಠ ಶೇ. 25, ಫ್ಯಾನ್ ಇರುವುದರದ್ದು ಶೇ. 35 ಇರಬೇಕು. ಫ್ಯಾನ್ ಒಲೆಯಲ್ಲಿ ಹೊಗೆ ಬಹಳ ಕಡಿಮೆ. ಸೌದೆಯನ್ನು ಮಾತ್ರ ಸಣ್ಣ ತುಂಡು ಮಾಡಿಕೊಳ್ಳಬೇಕು. ಇವಕ್ಕೆ ಸಾಮಾನ್ಯವಾಗಿ ಚಿಮಣಿ ಇರುವುದಿಲ್ಲವಾದ್ದರಿಂದ ಜಾಗ ಜಗಲಿ ಅಥವಾ ಹಿತ್ತಲು. ಮುಚ್ಚಿದ ಕೋಣೆ ಸಲ್ಲದು. ಕೆಂಡ ಸೂಸುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರನ್ನು ಅದು ಎಬ್ಬಿಸುವುದಿಲ್ಲ.

ಎಂಥ ಒಲೆಯನ್ನೂ ಹಸಿ ಸೌದೆ ಕೆಡಿಸುತ್ತದೆ. ಆಗತಾನೆ ಕಡಿದ ಕೊಂಬೆಯ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಅದನ್ನು ಆವಿ ಮಾಡುವುದರಲ್ಲೇ ಶಾಖ ಖರ್ಚಾಗುತ್ತದೆ. ಬೇಸಿಗೆಯಲ್ಲೇ ಸೀಳಿ, ನೆಲಕ್ಕೆ ತಾಗದಂತೆ ಒಟ್ಟಿ, ಮಳೆಗೆ ನೆನೆಯದಂತೆ ಮುಚ್ಚಿಡಬೇಕು. ಎರಡು ತುಂಡು ಬಡಿದಾಗ ಟಣ್ಣೆಂದರೆ ಒಣಗಿದೆ, ಮಂಕಾಗಿ ಸದ್ದಾದರೆ ಇನ್ನೂ ಹಸಿ. ಒಲೆ ಹಚ್ಚಲು ಒಣಗರಿ, ಎಸರು ಬೇಗ ಕುದಿಯಲು ತೊಗರಿ ಕಡ್ಡಿ, ನಿಂತ ಉರಿಗೆ ಜಾಲಿ ಒಳ್ಳೆಯದು. ತೆಂಗಿನ ಚಿಪ್ಪಿನ ಉರಿ ಜೋರು, ಒಂದೆರಡು ಚೂರು ಸಾಕು. ಪ್ಲಾಸ್ಟಿಕ್ ಹಾಕಿ ಹಚ್ಚುವ ರೂಢಿ ವಿಷವನ್ನೇ ಉಸಿರಾಡಿದಂತೆ.

ಗೂಡನ್ನು ಸೌದೆಯಿಂದ ತುರುಕಿದರೆ ಗಾಳಿಗೆ ಜಾಗವಿರದು. ಸ್ವಲ್ಪಸ್ವಲ್ಪವೇ ತಳ್ಳುತ್ತಿದ್ದರೆ ಊದುಕೊಳವೆಯ ಕೆಲಸವೇ ಕಡಿಮೆ. ಒಂದು ಪಾತ್ರೆ ಇಳಿಸಿದೊಡನೆ ಆ ಕುಳಿಯ ಮೇಲೆ ನೀರಿನ ಪಾತ್ರೆಯನ್ನೋ ಮುಚ್ಚಳವನ್ನೋ ಇಡಬೇಕು. ಬೇಳೆ ಮೊದಲೇ ನೆನೆದಿದ್ದರೆ, ಪಾತ್ರೆಗೆ ಮುಚ್ಚಳವಿದ್ದರೆ ಬೇಯಲು ಬೇಕಾದ ಸೌದೆಯೇ ಇಳಿಯುತ್ತದೆ.

ಚಿಮಣಿಯನ್ನು ಮರೆತವರ ಒಲೆ ಕೆಲವೇ ತಿಂಗಳಲ್ಲಿ ಹಳೆಯ ಹೊಗೆಗೂಡಾಗುತ್ತದೆ. ಒಳಗೆ ಮಸಿ ಕಟ್ಟಿದಂತೆಲ್ಲ ದಾರಿ ಕಿರಿದಾಗಿ ಹೊಗೆ ಮನೆಯೊಳಗೆ ತಿರುಗುತ್ತದೆ. ತಿಂಗಳಿಗೊಮ್ಮೆ ಉದ್ದ ಕೋಲಿಗೆ ತೆಂಗಿನ ನಾರು ಕಟ್ಟಿ ಉಜ್ಜಿದರೆ ಸಾಕು. ಕೊಳವೆಯ ತುದಿ ಸೂರಿನ ನೆತ್ತಿಗಿಂತ ಮೇಲಿರಬೇಕು. ಗರಿ ಹೊದಿಸಿದ ಸೂರಾದರೆ ಕೊಳವೆ ಸೂರಿಗೆ ತಾಗಕೂಡದು. ಮನೆಯೊಳಗಿನ ಹೊಗೆಯಿಂದ ಜಗತ್ತಿನಲ್ಲಿ 2020ರಲ್ಲಿ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಕೂಸನ್ನು ಬೆನ್ನಿಗೋ ಮಡಿಲಿಗೋ ಹಾಕಿಕೊಂಡು ಒಲೆ ಮುಂದೆ ಕೂರುವ ತಾಯಿಯ ಜೊತೆ ಕೂಸೂ ಅದನ್ನೇ ಉಸಿರಾಡುತ್ತದೆ. ಗ್ಯಾಸ್ ಇರುವ ಮನೆಯಲ್ಲಿ ದಿನದ ಅಡುಗೆ ಅದರಲ್ಲೇ ಆಗಲಿ, ಸೌದೆ ಹಂಡೆಗೆ, ಹಿತ್ತಲ ಒಲೆಗೆ ಉಳಿಯಲಿ.

ಅಡುಗೆ ಮುಗಿದ ಮೇಲೆ ಉಳಿದ ಕೊಳ್ಳಿಯನ್ನು ಹೊರಗೆಳೆದು ನೀರು ಚಿಮುಕಿಸಿ ಆರಿಸಬೇಕು. ಬೂದಿಯಡಿ ಮುಚ್ಚಿಹೋದ ಕೆಂಡ ಬೆಳಗಿನವರೆಗೂ ಜೀವ ಹಿಡಿದಿರುತ್ತದೆ. ಆದ್ದರಿಂದ ಬೂದಿಯನ್ನು ಪೂರ್ತಿ ತಣ್ಣಗಾದ ಮೇಲೆಯೇ ತಿಪ್ಪೆಗೋ ತೆಂಗಿನ ಬುಡಕ್ಕೋ ಸುರಿಯಬೇಕು.