ಡೀಸೆಲ್ ಪಂಪಿನ ಟೈಮಿಂಗ್ ತಿಳಿಯೋಣ

ಯಶವಂತಪುರದ ಎ.ಪಿ.ಎಂ.ಸಿ. ಮಾರುಕಟ್ಟೆಗೆ ಊರೂರುಗಳಿಂದ ಲಾರಿ ಬರುತ್ತವೆ. ಹೊಸ ಲಾರಿಗಳಲ್ಲಿ ಡೀಸೆಲ್ ಬಿಡುವ ಹೊತ್ತನ್ನು ಕಂಪ್ಯೂಟರ್ ನೋಡಿಕೊಳ್ಳುತ್ತದೆ. ಹಳೇ ಲಾರಿಗಳಲ್ಲಿ ಆ ಕೆಲಸ ಪಂಪಿನದು.

"ಗಾಡಿ ಎಳೀತಿಲ್ಲ, ಡೀಸೆಲ್ ಜಾಸ್ತಿ ಕುಡೀತಿದೆ" ಅಂತ ಡ್ರೈವರ್ ಹೇಳುತ್ತಾರೆ. "ಪಂಪ್ ಟೈಮಿಂಗ್ ತಪ್ಪಿದೆ" ಅಂತ ಮೆಕ್ಯಾನಿಕ್ ಹೇಳುತ್ತಾರೆ. ಹಾಗೆಂದರೇನು?

ಡೀಸೆಲ್ ಹೇಗೆ ಹೊತ್ತುತ್ತದೆ?

ಸೈಕಲ್‌ಗೆ ಗಾಳಿ ಹೊಡೆಯುವಾಗ ಪಂಪು ಬಿಸಿಯಾಗುತ್ತದೆ. ಒತ್ತಿದ ಗಾಳಿ ಕಾಯುತ್ತದೆ. ಇಂಜಿನ್ನಿನಲ್ಲೂ ಪಿಸ್ಟನ್ ಮೇಲೇರಿ ಗಾಳಿಯನ್ನು ಒತ್ತುತ್ತದೆ. ಗಾಳಿ ಬಹಳ ಕಾಯುತ್ತದೆ. ಆಗ ನಾಜಲ್ ಡೀಸೆಲ್ಲನ್ನು ಮಂಜಿನಂತೆ ಚಿಮ್ಮಿಸುತ್ತದೆ. ಅದು ತಾನಾಗಿ ಹೊತ್ತಿಕೊಳ್ಳುತ್ತದೆ. ಕಿಡಿ ಬೇಕಿಲ್ಲ. ಜರ್ಮನಿಯ ರುಡಾಲ್ಫ್ ಡೀಸೆಲ್ 1897ರಲ್ಲಿ ಇಂಥ ಇಂಜಿನ್ ಓಡಿಸಿ ತೋರಿಸಿದರು.

ನಾಜಲ್‌ಗೆ ಡೀಸೆಲ್ ಒತ್ತಿ ಕಳಿಸುವುದು ಪಂಪು. ನಮ್ಮ ಬೆಂಗಳೂರಿನಲ್ಲೇ ಇಂಥ ಪಂಪುಗಳು ತಯಾರಾದವು. 1951ರಲ್ಲಿ ಶುರುವಾದ ಮೈಕೋ ಕಂಪನಿ ಅವನ್ನು ಮಾಡಿತು. 2008ರಲ್ಲಿ ಕಂಪನಿಯ ಹೆಸರು ಬಾಷ್ ಎಂದಾಯಿತು.

ಟೈಮಿಂಗ್ ಎಂದರೇನು?

ಒಲೆಗೆ ಸೌದೆ ಇಟ್ಟ ಕೂಡಲೇ ಉರಿ ಏಳುವುದಿಲ್ಲ. ಡೀಸೆಲ್ ಹೊತ್ತಲೂ ಚೂರು ಸಮಯ ಬೇಕು. ಆದ್ದರಿಂದ ಪಿಸ್ಟನ್ ತುದಿ ಮುಟ್ಟುವ ಮೊದಲೇ ಡೀಸೆಲ್ ಬಿಡಬೇಕು. ಎಷ್ಟು ಮೊದಲು? ಅದನ್ನು ಡಿಗ್ರಿಯಲ್ಲಿ ಹೇಳುತ್ತಾರೆ. ಚಕ್ರದ ಒಂದು ಸುತ್ತಿಗೆ 360 ಡಿಗ್ರಿ. ಇಂಜಿನ್ ನಿಮಿಷಕ್ಕೆ 1500 ಸುತ್ತು ತಿರುಗಿದರೆ, ಸೆಕೆಂಡಿಗೆ 25 ಸುತ್ತು ಆಯಿತು. ಆದ್ದರಿಂದ ಒಂದೆರಡು ಡಿಗ್ರಿ ತಪ್ಪಿದರೂ ವ್ಯತ್ಯಾಸ ಕಾಣುತ್ತದೆ.

ಡೀಸೆಲ್ ಬೇಗ ಬಿದ್ದರೆ ಇಂಜಿನ್ ಟಕಟಕ ಬಡಿಯುತ್ತದೆ. ಪಿಸ್ಟನ್, ಬೇರಿಂಗ್ ಹಾಳಾಗುತ್ತವೆ. ತಡವಾಗಿ ಬಿದ್ದರೆ ಗಾಡಿ ಎಳೆಯುವುದಿಲ್ಲ. ಹೊಗೆ ಬರುತ್ತದೆ, ಇಂಜಿನ್ ಕಾಯುತ್ತದೆ, ಡೀಸೆಲ್ ದಂಡ.

ಟೈಮಿಂಗ್ ಹೇಗೆ ಕೂರಿಸುತ್ತಾರೆ?

ಮೊದಲು ಏರ್ ಫಿಲ್ಟರ್, ನಾಜಲ್ ನೋಡಿಸಿ. ಅವು ಕೆಟ್ಟರೂ ಹೊಗೆ ಬರುತ್ತದೆ. ಆಮೇಲೆ ಪಂಪಿಗೆ ಕೈ ಹಾಕಿಸಿ. ಇದು ಕಲಿತ ಮೆಕ್ಯಾನಿಕ್ಕಿನ ಕೆಲಸ.

1. ಗಾಡಿಯನ್ನು ನ್ಯೂಟ್ರಲ್‌ನಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡುತ್ತಾರೆ.
2. ಇಂಜಿನ್ನನ್ನು ಕೈಯಿಂದ ತಿರುಗಿಸುತ್ತಾರೆ. ಒಂದನೇ ಪಿಸ್ಟನ್ ಗಾಳಿ ಒತ್ತುತ್ತಾ ಮೇಲೇರುವಾಗ, ಫ್ಲೈವೀಲ್ ಅಥವಾ ಮುಂದಿನ ಪುಲ್ಲಿಯ ಡಿಗ್ರಿ ಗುರುತನ್ನು ಮುಳ್ಳಿನ ನೇರಕ್ಕೆ ತರುತ್ತಾರೆ.
3. ಪಂಪಿನ ಒಂದನೇ ಪೈಪು, ಒಳಗಿನ ವಾಲ್ವು, ಸ್ಪ್ರಿಂಗು ತೆಗೆದು ಬಾಗಿದ ಸಣ್ಣ ಪೈಪು ಕೂರಿಸುತ್ತಾರೆ. ಕೈಪಂಪು ಒತ್ತಿದರೆ ಡೀಸೆಲ್ ಹರಿಯುತ್ತದೆ.
4. ಪಂಪಿನ ಬೋಲ್ಟು ಸಡಿಲಿಸಿ, ಪಂಪನ್ನು ಮೆಲ್ಲಗೆ ತಿರುಗಿಸುತ್ತಾರೆ. ಧಾರೆ ನಿಂತು ಹನಿ ಹನಿಯಾದ ಜಾಗವೇ ಸರಿಯಾದ ಟೈಮಿಂಗ್.
5. ಬೋಲ್ಟು ಬಿಗಿದು, ವಾಲ್ವು ಹಾಕಿ, ಪೈಪಿನ ಗಾಳಿ ತೆಗೆಯುತ್ತಾರೆ.

ಎಷ್ಟು ಡಿಗ್ರಿ ಎಂಬುದು ಇಂಜಿನ್ನಿನ ಪುಸ್ತಕದಲ್ಲಿ ಇರುತ್ತದೆ. ಎಲ್ಲಾ ಇಂಜಿನ್ನಿಗೂ ಒಂದೇ ಅಂಕಿ ಅಲ್ಲ. "ಕಿವಿಯಲ್ಲಿ ಕೇಳಿ ಕೂರಿಸ್ತೀನಿ" ಅಂದರೆ ಒಪ್ಪಬೇಡಿ. ಅಂಕಿ ನೀವೇ ಓದಿ. "ಯಾವ ಗುರುತಿಗೆ ಕೂರಿಸಿದಿರಿ, ತೋರಿಸಿ ಅಣ್ಣ" ಅಂತ ಕೇಳಿ. ಓದು ಬಂದವರಿಗೆ ಮೋಸ ಮಾಡುವುದು ಕಷ್ಟ.

ಎಚ್ಚರ!

ಚಿಮ್ಮುವ ನಾಜಲ್ ಮುಂದೆ ಬೆರಳು ಇಡಬೇಡಿ. ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಗಾಯ ಸೂಜಿ ಚುಚ್ಚಿದಷ್ಟೇ ಕಾಣುತ್ತದೆ, ಆದರೆ ಬೆರಳೇ ಹೋಗಬಹುದು. ನೋವಿಲ್ಲದಿದ್ದರೂ ಕೂಡಲೇ ಆಸ್ಪತ್ರೆಗೆ ಹೋಗಿ. ಡೀಸೆಲ್ ಹೊಗೆಯಿಂದ ಕ್ಯಾನ್ಸರ್ ಬರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2012ರಲ್ಲಿ ಹೇಳಿದೆ. ಮುಚ್ಚಿದ ಶೆಡ್ಡಿನಲ್ಲಿ ಇಂಜಿನ್ ಓಡಿಸಬೇಡಿ.

ಓದಿ, ಬರೆಯಿರಿ

1. ಡೀಸೆಲ್ ತಡವಾಗಿ ಬಿದ್ದರೆ ಏನಾಗುತ್ತದೆ?
2. ಪಂಪಿಗೆ ಕೈ ಹಾಕುವ ಮೊದಲು ಏನೇನು ನೋಡಬೇಕು?
3. ನಿಮಗೆ ಗೊತ್ತಿರುವ ಹಳೇ ಲಾರಿಯ ಟೈಮಿಂಗ್ ಡಿಗ್ರಿ ಎಷ್ಟು? ಪುಸ್ತಕ ನೋಡಿ ಬರೆದುಕೊಳ್ಳಿ.