ಶೇಕಡಾ ಎಷ್ಟು ಎನ್ನುವ ಮೊದಲು, ಪ್ರಶ್ನೆ ಏನು?

ಪರಿಸರದ ಬಗ್ಗೆ ಇಷ್ಟು ಶೇಕಡಾ ಮತದಾರರಿಗೆ ಚಿಂತೆಯಿದೆ ಅಂತ ಪತ್ರಿಕೆಯಲ್ಲಿ ಓದುತ್ತೀರಿ. ನಿಮ್ಮ ಮನೆಯಲ್ಲಿ ಯಾರನ್ನೂ ಕೇಳಿಲ್ಲ. ಹಾಗಾದರೆ ಈ ಲೆಕ್ಕ ಎಲ್ಲಿಂದ ಬಂತು?

ಅನ್ನ ಬೆಂದಿದೆಯೇ ಅಂತ ನೋಡಲು ಪಾತ್ರೆಯ ಎಲ್ಲ ಅಗುಳನ್ನೂ ಹಿಸುಕಬೇಕಾಗಿಲ್ಲ ಅಲ್ವಾ? ಸಮೀಕ್ಷೆಯೂ ಹಾಗೆಯೇ. ಚೀಟಿ ಎತ್ತಿದ ಹಾಗೆ 1000 ಜನರನ್ನು ಆರಿಸಿ ಕೇಳಿದರೆ, ಸಿಗುವ ಉತ್ತರ ಸಾಮಾನ್ಯವಾಗಿ ನಿಜಕ್ಕಿಂತ ಶೇ. 3ರಷ್ಟು ಮಾತ್ರ ಆಚೀಚೆ ಇರುತ್ತದೆ. ಆರಿಸುವ ರೀತಿ ತಪ್ಪಿದರೆ ಮಾತ್ರ ಎಷ್ಟು ಜನರನ್ನು ಕೇಳಿದರೂ ಪ್ರಯೋಜನವಿಲ್ಲ. 1936ರಲ್ಲಿ ಅಮೆರಿಕದ 'ಲಿಟರರಿ ಡೈಜೆಸ್ಟ್' ಪತ್ರಿಕೆ 20 ಲಕ್ಷಕ್ಕೂ ಹೆಚ್ಚು ಉತ್ತರ ಸಂಗ್ರಹಿಸಿ, ಅಧ್ಯಕ್ಷ ಚುನಾವಣೆಯಲ್ಲಿ ಲ್ಯಾಂಡನ್ ಗೆಲ್ಲುತ್ತಾರೆ ಅಂದಿತು. ಆದರೆ 48 ರಾಜ್ಯಗಳಲ್ಲಿ 46ನ್ನು ಗೆದ್ದವರು ರೂಸ್‌ವೆಲ್ಟ್! ಪತ್ರಿಕೆ ಹೆಸರುಗಳನ್ನು ಹೆಚ್ಚಾಗಿ ಟೆಲಿಫೋನ್ ಮತ್ತು ಕಾರು ಇದ್ದವರ ಪಟ್ಟಿಯಿಂದ ತೆಗೆದಿತ್ತು. ಬಡವರು ಆ ಪಟ್ಟಿಯಲ್ಲಿ ಎಲ್ಲಿರಬೇಕು? ಸಾಲದ್ದಕ್ಕೆ, ಚೀಟಿ ತಲುಪಿದವರಲ್ಲಿ ಸುಮಾರು ಕಾಲು ಭಾಗ ಜನ ಮಾತ್ರ ಉತ್ತರಿಸಿದ್ದರು.

ಜನರನ್ನು ಸರಿಯಾಗಿ ಆರಿಸಿದರೂ ಪ್ರಶ್ನೆಯ ಮಾತು ಉತ್ತರವನ್ನು ಎಳೆಯುತ್ತದೆ. ನನಗಂತೂ ಇದೇ ಹೆಚ್ಚು ಸ್ವಾರಸ್ಯ. ಮಿಶಿಗನ್ ವಿಶ್ವವಿದ್ಯಾಲಯದ ಸಂಶೋಧಕರು ಎರಡು ಸಾವಿರಕ್ಕೂ ಹೆಚ್ಚು ಅಮೆರಿಕನ್ನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ 'ಭೂಮಿಯ ತಾಪ ಏರುತ್ತಿದೆಯೇ' ಎಂಬ ಪ್ರಶ್ನೆ, ಇನ್ನೊಂದಕ್ಕೆ 'ಹವಾಮಾನ ಬದಲಾಗುತ್ತಿದೆಯೇ' ಎಂಬ ಪ್ರಶ್ನೆ. 2011ರಲ್ಲಿ ಪ್ರಕಟವಾದ ಫಲಿತಾಂಶ ನೋಡಿ: ಹೌದು ಎಂದವರು ಮೊದಲ ಗುಂಪಿನಲ್ಲಿ ಸುಮಾರು ಶೇ. 68, ಎರಡನೆಯದರಲ್ಲಿ ಶೇ. 74. ರಿಪಬ್ಲಿಕನ್ ಪಕ್ಷದವರನ್ನೇ ತೆಗೆದುಕೊಂಡರೆ ಶೇ. 44 ಮತ್ತು ಶೇ. 60! ಡೆಮಾಕ್ರಟಿಕ್ ಪಕ್ಷದವರಲ್ಲಿ ವ್ಯತ್ಯಾಸವೇ ಇಲ್ಲ ಅನ್ನಬಹುದು. 'ತಾಪ ಏರಿಕೆ' ಅಂದರೆ ಒಂದು ಚಳಿಯ ವಾರವೂ ಅನುಮಾನ ಹುಟ್ಟಿಸುತ್ತದೆ. 'ಬದಲಾವಣೆ' ಅಂದರೆ ಬಿಸಿಲೂ ಚಳಿಯೂ ಅದರೊಳಗೇ ಬಂತು.

ಇನ್ನೊಂದು ಮಾತು. 'ಪರಿಸರದ ಬಗ್ಗೆ ಚಿಂತೆ ಇದೆಯೇ?' ಅಂತ ಕೇಳಿದರೆ ಬಹಳ ಜನ ಹೌದು ಅಂತಾರೆ. ಪರಿಸರದ ಹೆಸರೇ ಎತ್ತದೆ 'ದೇಶದ ಅತಿ ದೊಡ್ಡ ಸಮಸ್ಯೆ ಯಾವುದು?' ಅಂದರೆ, ಅಮೆರಿಕದ ಗ್ಯಾಲಪ್ ಸಮೀಕ್ಷೆಗಳಲ್ಲಿ ಪರಿಸರ ಎನ್ನುವವರು ಸಾಮಾನ್ಯವಾಗಿ ನೂರಕ್ಕೆ ಹತ್ತು ಜನರೂ ಇರುವುದಿಲ್ಲ. ಎರಡು ಉತ್ತರವೂ ಸುಳ್ಳಲ್ಲ. ಚಿಂತೆ ಇರುವುದು ಬೇರೆ, ಮತ ಹಾಕುವಾಗ ಅದೇ ಮೊದಲು ನೆನಪಾಗುವುದು ಬೇರೆ.

ನಿಮ್ಮ ತರಗತಿಯಲ್ಲೂ ಮಾಡಿ ನೋಡಿ. 'ಶಾಲೆಯ ಹತ್ತಿರ ಪ್ಲಾಸ್ಟಿಕ್ ಚೀಲ ನಿಷೇಧಿಸಬೇಕೇ?' ಅಂತ ಅರ್ಧ ಮಕ್ಕಳಿಗೆ, 'ಅಂಗಡಿಯವರಿಗೆ ತೊಂದರೆಯಾದರೂ ನಿಷೇಧಿಸಬೇಕೇ?' ಅಂತ ಉಳಿದರ್ಧಕ್ಕೆ ಚೀಟಿ ಕೊಡಿ. ಯಾರಿಗೆ ಯಾವ ಚೀಟಿ ಅನ್ನುವುದನ್ನು ಕಲಸಿ ಹಂಚಿ. ಗುಂಪಿನಲ್ಲಿ 20 ಜನ ಇದ್ದರೆ ಒಬ್ಬರ ಉತ್ತರವೇ ಶೇ. 5 ಆಗುತ್ತದೆ; ಹಾಗಾಗಿ ಸಣ್ಣ ವ್ಯತ್ಯಾಸ ಕಂಡರೆ ಪಕ್ಕದ ತರಗತಿಗಳಲ್ಲೂ ಕೇಳಿ ಸೇರಿಸಿ.